ಹದಿನಾರು ಪುಟ

ಬಟ್ಟೆಯ ಸುರುಳಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಡುತ್ತಿದ್ದ ಗೋಂದಮ್ಮನ ಕೈಗೆ, ಸ್ಟೂಲಿನ ಮೇಲೆ ಎಲ್ಲಕ್ಕಿಂತ ಅಡಿಯಲ್ಲಿ, ಬಟ್ಟೆಯಲ್ಲದ ಏನೋ ತಗುಲಿತು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಕಾಗದ, ಅದೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ, ಮಡಿಸಿ ಒತ್ತಿಟ್ಟದ್ದು. ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಹದಿನಾರು ಪುಟಕ್ಕೆ ಮಡಿಸಿದ ಅಚ್ಚಿನ ಹಾಳೆ, ಅಂದರೆ ಪುಸ್ತಕದ ಒಂದೇ ಫಾರಂ, ನಲವತ್ತು ಪ್ರತಿ. ಮೊದಲ ಪುಟದ ಬುಡದಲ್ಲಿ ಇರುವೆ ಗಾತ್ರದ ಅಂಕಿಯಲ್ಲಿ ಫಾರಮಿನ ಸಂಖ್ಯೆ ಹತ್ತೊಂಬತ್ತು ಎಂದಿತ್ತು.

ಹೋದ ವರ್ಷ ಇದೇ ಡಿಸೆಂಬರಿನಲ್ಲಿ ಚರ್ಚಿನವರು ನಲವತ್ತು ಬೈಬಲ್‌ಗಳನ್ನು ಅಚ್ಚಿನ ಹಾಳೆಯಾಗಿಯೇ ತರಿಸಿ ಬೈಂಡಿಂಗಿಗೆಂದು ಅವಳ ಮುಂದೆ ಸುರಿದಿದ್ದರು. ಎಲ್ಲರದೂ ಒಂದೇ ಬಣ್ಣ, ಒಂದೇ ರಟ್ಟು, ಬೆನ್ನ ಮೇಲೆ ಚರ್ಚಿನ ಹೆಸರು ಬಂಗಾರದ ಅಕ್ಷರದಲ್ಲಿ ಇರಬೇಕು, ಜನವರಿ ಒಂದಕ್ಕೆ ಕೈಗೆ ಬರಬೇಕು ಎಂದು ಅಪ್ಪಣೆಯಾಗಿತ್ತು. ಉದ್ದ ಮೇಜಿನ ಮೇಲೆ ಫಾರಂಗಳನ್ನು ಸಾಲಾಗಿ ಗುಡ್ಡೆ ಹಾಕಿಕೊಂಡು, ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತುತ್ತ ನಡೆಯುವುದು ಅವಳ ರೂಢಿ. ಮೇಜಿನಲ್ಲಿ ಜಾಗ ಸಾಲದೆ ಹತ್ತೊಂಬತ್ತನೆಯದನ್ನು ಸ್ಟೂಲಿನ ಮೇಲಿಟ್ಟಿದ್ದಳು. ಅದರ ಮೇಲೆ ಬಟ್ಟೆ ಬಂದು ಬಿದ್ದಿತ್ತು. ಅಷ್ಟೇ.

ತಪ್ಪು ಹಿಡಿಯಲು ದಾರಿ ಇರಲಿಲ್ಲವೆಂದಲ್ಲ. ಪ್ರತಿ ಫಾರಮಿನ ಬೆನ್ನ ಮೇಲೂ ಒಂದು ಕರಿ ಗುರುತು ಇರುತ್ತದೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಸರಿಯಾಗಿ ಜೋಡಿಸಿದ ಪುಸ್ತಕದ ಬೆನ್ನು ನೋಡಿದರೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಒಂದು ಮೆಟ್ಟಿಲು ತಪ್ಪಿದರೆ ಕುರುಡನ ಬೆರಳಿಗೂ ತಿಳಿಯುತ್ತದೆ. ಇಪ್ಪತ್ತೆರಡು ವರ್ಷದ ಕೈ ತನ್ನದು, ಇನ್ನು ಮೆಟ್ಟಿಲು ಎಣಿಸಬೇಕೆ ಎಂದು ಅವಳು ಬೆನ್ನು ನೋಡದೆಯೇ ಗೋಂದು ಬಳಿದಿದ್ದಳು.

ಮೊದಲು ಅವಳ ಕಿವಿ ಬಿಸಿಯಾಯಿತು. ಆಮೇಲೆ ಇನ್ನೊಂದು ಯೋಚನೆ ಬಂತು, ಬಂದದ್ದೇ ಅವಳು ಅಲ್ಲೇ ಸುರುಳಿಗಳ ನಡುವೆ ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಲವತ್ತು ಜನ, ಒಂದು ವರ್ಷ, ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು. ಹದಿನಾರು ಪುಟ ಇಲ್ಲವೇ ಇಲ್ಲ, ಒಬ್ಬರಾದರೂ ತುಟಿ ಬಿಚ್ಚಿಲ್ಲ.

ಈ ಓದಿನ ಯೋಜನೆ ಅವಳ ಓರಗಿತ್ತಿಯದು. ಭಾವನ ಹೆಂಡತಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆ ಬಿಟ್ಟು ಆರು ವರ್ಷವಾದರೂ ಊರಿಗೆಲ್ಲ ಅವರು ಹೆಡ್‌ಮಿಸ್ಸೇ. ಬೆಲ್ಲು ಹೊಡೆಯಲು ಶಾಲೆಯಿಲ್ಲದೆ ಒದ್ದಾಡುತ್ತಿದ್ದವರಿಗೆ ಚರ್ಚು ಸಿಕ್ಕಿತ್ತು. ಚರ್ಚ್ ಹಾಲ್‌ನ ಗೋಡೆಗೆ ಬಾಗಿಲಗಲದ ಚಾರ್ಟು ಬಂತು. ಎಡಕ್ಕೆ ನಲವತ್ತು ಹೆಸರು, ಬಲಕ್ಕೆ ಮುನ್ನೂರ ಅರವತ್ತೈದು ಚೌಕ. ಪಕ್ಕದಲ್ಲಿ ದಾರ ಕಟ್ಟಿ ತೂಗುಬಿಟ್ಟ ಹಸಿರು ಸ್ಕೆಚ್ ಪೆನ್ನು. ಬೆಳಗ್ಗೆ ಆರು ಗಂಟೆಗೆ ಫೋನಿನ ಗುಂಪಿನಲ್ಲಿ ಹೆಡ್‌ಮಿಸ್ಸಿನ "ಓದಾಯಿತಾ?" ಬರುತ್ತಿತ್ತು, ಆರೂ ಐದರೊಳಗೆ ಸಾಲುಸಾಲಾಗಿ "ಆಯಿತು" ಬರುತ್ತಿದ್ದವು. ಕಣ್ಣಿನ ಪಿಸರು ಒರೆಸಿಕೊಳ್ಳುವುದಕ್ಕೂ ಪುರುಸೊತ್ತಾಗದ ಐದು ನಿಮಿಷದಲ್ಲಿ ಮೂರು ಅಧ್ಯಾಯ. ರೈಲು ಕೂಡ ಇಷ್ಟು ಬೇಗ ಸ್ಟೇಷನ್ನು ದಾಟುವುದಿಲ್ಲ ಎಂದು ಗೋಂದಮ್ಮ ಹಾಸಿಗೆಯಲ್ಲೇ ಮೂಗು ಮುರಿದು, ತಾನೂ ಒಂದು "ಆಯಿತು" ಒತ್ತಿ ಮಗ್ಗುಲಾಗುತ್ತಿದ್ದಳು.

ಈಗ ಫೋನು ತೆಗೆದು ಮಾರ್ಚಿಗೆ ಹೋದಳು. ಹಾಳೆಯ ಲೆಕ್ಕಕ್ಕೆ ಆ ಹದಿನಾರು ಪುಟ ಬರುವುದು ಮಾರ್ಚ್ ಹತ್ತರಿಂದ ಹದಿನೈದರವರೆಗೆ. ಹತ್ತಕ್ಕೆ ಆಯಿತು, ಆಯಿತು, ಆಯಿತು. ಹನ್ನೊಂದಕ್ಕೆ ವಕೀಲರ ಹೆಂಡತಿ, ಇವತ್ತಿನ ಭಾಗ ತುಂಬಾ ಬಲ ಕೊಟ್ಟಿತು ಎಂದು ಬರೆದು ಹೂವಿನ ಚಿತ್ರ ಹಾಕಿದ್ದರು. ಹನ್ನೆರಡಕ್ಕೆ ಔಷಧಿ ಅಂಗಡಿಯವನಿಗೆ ಆ ದಿನದ ಮಾತು ತನಗಾಗಿಯೇ ಬರೆದಂತಿತ್ತಂತೆ. ಇಲ್ಲದ ಮಾತು. ಹದಿಮೂರಕ್ಕೆ ಹೆಡ್‌ಮಿಸ್ಸು, ಕಪ್ಪಿನಲ್ಲಿ ಕಾಫಿ, ಪಕ್ಕದಲ್ಲಿ ತೆರೆದ ಪುಸ್ತಕ, ಮೇಲೆ ಕನ್ನಡಕ, ಹೀಗೆ ಫೋಟೋ ಹಿಡಿದು ಹಾಕಿ, ನಿಧಾನವಾಗಿ ಅಗಿದು ತಿನ್ನಬೇಕಾದ ಭಾಗ ಎಂದು ಬುದ್ಧಿ ಹೇಳಿದ್ದರು. ಗೋಂದಮ್ಮ ಚಿತ್ರವನ್ನು ಹಿಗ್ಗಿಸಿ ನೋಡಿದಳು. ತೆರೆದಿದ್ದದ್ದು ಮುನ್ನುಡಿಯ ಪುಟ.

ಮಧ್ಯೆ ಮಧ್ಯೆ ತನ್ನದೇ "ಆಯಿತು"ಗಳು ಬಂದವು. ಅವನ್ನು ಬೆರಳು ಬೇಗ ಬೇಗ ಹಾರಿಸಿತು. ತನ್ನ ವಿಷಯ ಬೇರೆ ಎಂದು ಅವಳ ವಾದ. ಪ್ರತಿ ಪುಟವನ್ನೂ ಈ ಕೈಯೇ ಮಡಿಸಿ, ಒತ್ತಿ, ಹೊಲಿದಿದೆ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡವಳು ರೊಟ್ಟಿ ತಿನ್ನಲೇಬೇಕೆ?

ಭಾನುವಾರ ವರ್ಷದ ಓದು ಮುಗಿಸಿದವರಿಗೆ ಸನ್ಮಾನವಿತ್ತು. ಅಲ್ಲಿ, ಎಲ್ಲರೆದುರಿಗೆ, ಈ ಕಟ್ಟನ್ನು ಮೇಜಿನ ಮೇಲೆ ದೊಪ್ಪನೆ ಹಾಕಿದರೆ ಓರಗಿತ್ತಿಯ ಮುಖ ಹೇಗಿರಬಹುದು ಎಂದು ಅವಳು ಅರ್ಧ ಗಂಟೆ ಕನಸು ಕಂಡಳು. ಮದುವೆಯಾಗಿ ಬಂದ ದಿನದಿಂದ ಹೆಡ್‌ಮಿಸ್ಸು ಅವಳನ್ನು ನಾಲ್ಕನೇ ಬೆಂಚಿನ ಹುಡುಗಿಯ ಹಾಗೆಯೇ ನಡೆಸಿಕೊಂಡಿದ್ದರು. ಗೋಂದಮ್ಮ ಎಂಬ ಅಡ್ಡಹೆಸರೂ ಅವರು ಕೊಟ್ಟದ್ದೇ. ಆದರೆ ಕಟ್ಟು ಹಾಕಬೇಕಾದರೆ ತಪ್ಪು ತನ್ನದೆಂದೂ ಒಪ್ಪಬೇಕು. ಚರ್ಚಿನ ಹಾಡಿನ ಪುಸ್ತಕಗಳೆಲ್ಲ ಜನವರಿಯಲ್ಲಿ ಬೈಂಡಿಂಗಿಗೆ ಬರುವುದಿತ್ತು, ಅವು ಕೈ ತಪ್ಪಬಹುದು. ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ. ಯಾವುದಕ್ಕೂ ಚಾರ್ಟನ್ನು ಒಮ್ಮೆ ನೋಡಿ ಬರೋಣ, ಯಾರ್ಯಾರು ಬಣ್ಣ ಬಳಿದಿದ್ದಾರೆ ಕಣ್ಣಾರೆ ನೋಡೋಣ ಎಂದು ಚಪ್ಪಲಿ ಮೆಟ್ಟಿದಳು.

ಮಧ್ಯಾಹ್ನ ಚರ್ಚ್ ಹಾಲ್ ಖಾಲಿಯಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಾರ್ಚಿನ ಆ ಆರು ಚೌಕಗಳ ಮೇಲೆ ಬೆರಳಿಟ್ಟು ಅವಳು ಮೇಲಿನಿಂದ ಇಳಿಯತೊಡಗಿದಳು. ಹಸಿರು, ಹಸಿರು, ಹಸಿರು. ಒಂದೊಂದು ಹೆಸರಿಗೂ ಒಂದೊಂದು ಮಾತು ಅಂದುಕೊಂಡಳು. ತನ್ನ ಸಾಲು ಬಂತು, ಹಸಿರೇ, ದಾಟಿದಳು. ಅದರ ಕೆಳಗೆ ಬೆರಳು ನಿಂತಿತು. ಮಾರ್ಚ್ ಒಂಬತ್ತರವರೆಗೆ ಬಣ್ಣ. ಹತ್ತರಿಂದ ಬಿಳಿ, ವರ್ಷದ ಕೊನೆಯವರೆಗೂ ಬಿಳಿ.

ಆ ಸಾಲು ಅವಳ ಗಂಡನದು.

ಅವನು ಏಳು ಅಂತಸ್ತಿನ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು. ಬೆಳಗ್ಗಿನಿಂದ ಸಂಜೆಯವರೆಗೆ ಹತ್ತಿ ಇಳಿದು, ಎಲ್ಲಿಗೂ ತಲುಪದೆ ಮನೆಗೆ ಬರುವ ಮನುಷ್ಯ ಎಂದು ಅವಳು ಹೇಳದ ದಿನವಿಲ್ಲ. ಓದುವಾಗ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸಿಕೊಂಡು ಓದುತ್ತಾನೆ. ಏಪ್ರಿಲ್‌ನಲ್ಲಿ ಹೆಡ್‌ಮಿಸ್ಸು ತುಂಬಿದ ಹಾಲ್‌ನಲ್ಲಿ ಆ ಬಿಳಿ ಸಾಲಿನತ್ತ ಸ್ಕೇಲು ತೋರಿಸಿ, "ನಮ್ಮ ಮೈದುನನ ಲಿಫ್ಟು ಮಾರ್ಚ್‌ನಲ್ಲೇ ಕೆಟ್ಟು ನಿಂತಿದೆ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಅವಳಿಗೆ ಮಾತ್ರ ನೆಲ ಬಾಯಿ ಬಿಡಬಾರದೆ ಅನ್ನಿಸಿತ್ತು, ಮನೆಗೆ ಬಂದು ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ಮಾರ್ಚಿನ ಒಂದು ಬೆಳಗು ಈಗ ನೆನಪಾಯಿತು. ಅವಳು ಒಲೆಯ ಮುಂದೆ ಮೈದಾ ಅಂಟು ಕುದಿಸುತ್ತಿದ್ದಳು. ಒಂದು ನಿಮಿಷ ಕೈಯಾಡಿಸುವುದು ಬಿಟ್ಟರೆ ಗಂಟಾಗುವ ಹೊತ್ತು. ಅವನು ಪುಸ್ತಕ ತೆರೆದು ಹಿಡಿದುಕೊಂಡೇ ಬಂದಿದ್ದ.

"ಇಲ್ಲೇನೋ ಸರಿ ಹೋಗ್ತಿಲ್ಲ ಕಣೇ. ಒಬ್ಬ ಹೆಂಗಸು ಗಂಡನಿಗೆ ಏನೋ ಹೇಳ್ಬೇಕು ಅಂತ ಓಡ್ತಿದ್ದಾಳೆ. ಪುಟ ತಿರುಗಿಸಿದ್ರೆ ಅವಳೇ ಇಲ್ಲ."

"ಅವಳಿಗೂ ನಿಮ್ಮಂಥ ಗಂಡನೇ ಇದ್ದಿರ್ಬೇಕು," ಅವಳು ಪಾತ್ರೆಯಿಂದ ಕಣ್ಣು ತೆಗೆಯದೆ ಅಂದಿದ್ದಳು. "ಹೇಳಿ ಏನು ಪ್ರಯೋಜನ ಅಂತ ಅರ್ಧ ದಾರೀಲೇ ವಾಪಸ್ ಹೋಗಿರ್ತಾಳೆ."

ಅವನು ಇನ್ನೂ ನಿಂತಿದ್ದನ್ನು ಕಂಡು, ಓದಲು ಬರದಿದ್ದರೆ ಬರುವುದಿಲ್ಲ ಅನ್ನಿ, ನನ್ನ ಹೊಲಿಗೆಯ ಮೇಲೆ ಹಾಕಬೇಡಿ, ನನ್ನ ಕೈಯಲ್ಲಿ ಪುಟ ತಪ್ಪುವುದಿಲ್ಲ ಎಂದು ಸೇರಿಸಿದ್ದಳು. ಅವನು ಪುಸ್ತಕ ಮುಚ್ಚಿಕೊಂಡು ಹೋಗಿದ್ದ.

ಗೋಂದಮ್ಮ ಮನೆಗೆ ಹೋಗಲಿಲ್ಲ. ನೇರ ಕಚೇರಿ ಕಟ್ಟಡಕ್ಕೆ ನಡೆದಳು. ಹದಿನೇಳು ವರ್ಷದಲ್ಲಿ ಅವಳು ಅಲ್ಲಿಗೆ ಹೋದದ್ದು ಎರಡು ಸಲ, ಎರಡು ಸಲವೂ ಮನೆಯ ಬೀಗದ ಕೈಗಾಗಿ. ಲಿಫ್ಟಿನ ಬಾಗಿಲು ತೆರೆದಾಗ ಅವನು ಮೂಲೆಯ ಮೂರು ಕಾಲಿನ ಸ್ಟೂಲಿನ ಮೇಲೆ ಕೂತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ. ಗುಂಡಿಗಳ ಕೆಳಗಿನ ಸಣ್ಣ ಹಲಗೆಯ ಮೇಲೆ ಆ ಕೆಂಗಂದು ರಟ್ಟಿನ ಪುಸ್ತಕ ಇತ್ತು.

"ಬೀಗದ ಕೈ ಮರೆತ್ಯಾ?"

"ಬಾಗಿಲು ಹಾಕಿ," ಅಂದಳು.

ಲಿಫ್ಟು ಎರಡನೆಯ ಮಹಡಿಯಲ್ಲಿ ನಿಂತಿತು. ಅಲ್ಲಿ ಫೈಲು ಹಿಡಿದ ಇಬ್ಬರು ಹತ್ತಿದರು, ನಾಲ್ಕರಲ್ಲಿ ಇಳಿದರು. ಬಾಗಿಲು ಮುಚ್ಚಿದ ಮೇಲೆ ಅವಳು, ಹತ್ತೊಂಬತ್ತನೆಯ ಫಾರಂ ಬಿಟ್ಟುಹೋಗಿತ್ತು, ಎಲ್ಲ ನಲವತ್ತರಲ್ಲೂ, ಇವತ್ತು ಸಿಕ್ಕಿತು ಎಂದು ಒಂದೇ ಉಸಿರಿಗೆ ಹೇಳಿದಳು. ಕ್ಷಮೆಯ ಮಾತು ಗಂಟಲವರೆಗೆ ಬಂತು. ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿತ್ತು.

"ನಿಮಗೆ ಬುದ್ಧಿ ಬೇಡ್ವಾ? ಪುಟದ ಸಂಖ್ಯೆ ತೋರಿಸಿ ಹೇಳೋಕಾಗ್ತಿರ್ಲಿಲ್ವಾ? ಎಂಟು ತಿಂಗಳು ಊರವರ ಕೈಲೆಲ್ಲ ಅನ್ನಿಸ್ಕೊಂಡ್ರಿ."

"ಸಂಖ್ಯೆ ಆಮೇಲೆ ನೋಡಿದೆ," ಅವನು ಅಂದ. "ಇನ್ನೂರ ಎಂಬತ್ತೆಂಟು ಆದ್ಮೇಲೆ ಮುನ್ನೂರ ಐದು. ಆದ್ರೆ ನಿನ್ನ ಕೈಲಿ ಪುಟ ತಪ್ಪಲ್ಲ ಅಂದ್ಯಲ್ಲ."

ಐದರಲ್ಲಿ ಒಬ್ಬ ಹೆಂಗಸು ಹತ್ತಿ, ಕೆಳಗೆ ಹೋಗಬೇಕು ಅಂದರು. ಅವನು ಗುಂಡಿ ಒತ್ತಿದ. ಕೆಳಗೆ ಮುಟ್ಟುವವರೆಗೆ ಗಂಡ ಹೆಂಡತಿ ಗುರುತಿಲ್ಲದವರ ಹಾಗೆ ನಿಂತಿದ್ದರು. ಮತ್ತೆ ಬಾಗಿಲು ಮುಚ್ಚಿದಾಗ ಅವಳು, ನಿಮ್ಮ ಅಮ್ಮನ ಹಳೇ ಪುಸ್ತಕ ಹೆಡ್‌ಮಿಸ್ಸ್ ಅಕ್ಕನ ಮನೆಯಲ್ಲಿದೆಯಲ್ಲ, ಅದನ್ನಾದರೂ ಕೇಳಿ ಓದಬಹುದಿತ್ತು ಎಂದಳು.

"ಅತ್ತಿಗೆ ಯಾಕೆ ಅಂತ ಕೇಳ್ತಿದ್ರು. ಹೇಳಿದ್ರೆ ನಿನ್ನ ಹೆಸರು ಬರ್ತಿತ್ತು."

"ಹೋಗ್ಲಿ, ಎಲ್ಲರ ಹಾಗೆ ಸುಮ್ನೆ ಗುರುತು ಹಾಕ್ಕೊಂಡು ಮುಂದೆ ಹೋಗೋಕೇನಾಗಿತ್ತು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಿಜವಾಗಿ ಅರ್ಥವಾಗದವನ ಮುಖವೇ ಅದು. ಓದಿಲ್ಲದ್ದಕ್ಕೆ ಹೇಗೆ ಹಾಕುವುದು ಎಂದು ಅವಳನ್ನೇ ಕೇಳಿದ. ಎಲ್ಲೋ ತಾನೇ ಸರಿಯಾಗಿ ಓದಿಲ್ಲವೇನೋ ಎಂದು ಮತ್ತೆ ಮೊದಲ ಪುಟದಿಂದ ಶುರು ಮಾಡಿದೆ, ಜೂನಿನಲ್ಲಿ ಮತ್ತೆ ಅಲ್ಲಿಗೇ ಬಂದು ನಿಂತೆ, ಆಮೇಲೆ ಇನ್ನೆರಡು ಸಲ ಹೋಗಿಬಂದೆ ಅಂದ. ನಾಲ್ಕು ಸಲ. ಹೇಳುವಾಗ ಅದರಲ್ಲಿ ದೊಡ್ಡಸ್ತಿಕೆಯಾಗಲಿ ದೂರಾಗಲಿ ಇರಲಿಲ್ಲ. ಏಳನೆಯ ಮಹಡಿಗೆ ನಾಲ್ಕು ಸಲ ಹೋಗಿ ಬಂದೆ ಎಂಬಂತಿತ್ತು. ಗೋಂದಮ್ಮನಿಗೆ ಮೈ ಉರಿಯಿತು. ಇಂಥ ದಡ್ಡನನ್ನು ಬೈಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ, ಬೈಯದೆ ಇರುವುದು ಹೇಗೆಂದೂ ತಿಳಿಯಲಿಲ್ಲ.

"ಅದಿರ್ಲಿ," ಅವನು ತಗ್ಗಿದ ದನಿಯಲ್ಲಿ ಕೇಳಿದ, "ಹೇಳಿದ್ಲಾ ಗಂಡನಿಗೆ?"

ಯಾರು ಎಂದು ಅವಳಿಗೆ ಮೊದಲು ಹೊಳೆಯಲಿಲ್ಲ. ಆಮೇಲೆ ಮಾರ್ಚಿನ ಆ ಓಡುವ ಹೆಂಗಸು ನೆನಪಾದಳು. ಬೆಳಗ್ಗಿನಿಂದ ಆ ನಲವತ್ತು ಪ್ರತಿಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು, ಎಣಿಸಿದ್ದಳು, ನಕ್ಕಿದ್ದಳು. ಒಂದು ಸಾಲು ಓದಿರಲಿಲ್ಲ.

"ನಾನು ನೋಡ್ಲಿಲ್ಲ," ಅಂದಳು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದುಕೊಂಡಿತು, ಅವಳು ಇಳಿದು ಮೆಟ್ಟಿಲ ಮೇಲಿಂದ ಹೋದಳು.

ಸಂಜೆ ಅವನು ಕೈಕಾಲು ತೊಳೆದು ಬಂದು ಮೇಜಿನ ಬಳಿ ಸುಳಿದಾಡಿದ. ಕಟ್ಟಿಗೆ ಅವಳು ದಾರ ಬಿಗಿದಿದ್ದಳು. ಒಂದು ಪ್ರತಿ ಕೊಡುತ್ತೀಯಾ ಎಂದು ಕೇಳಿದ. ನಲವತ್ತಕ್ಕೆ ನಲವತ್ತೂ ಹಾಗೇ ಇರಬೇಕು, ಭಾನುವಾರ ಅಕ್ಕನ ಮುಂದೆ ಹಾಕಬೇಕು, ಆಮೇಲೆ ಓದಿಕೊಳ್ಳಿ ಎಂದಳು. ಈಗ ಅವಳಿಗೆ ಹಾಡಿನ ಪುಸ್ತಕಗಳ ಚಿಂತೆಯೂ ಇರಲಿಲ್ಲ. ಆ ಬಿಳಿ ಸಾಲಿಗೆ ನಕ್ಕವರ ಒಂದೊಂದು ಹಲ್ಲೂ ನೆನಪಾಗುತ್ತಿತ್ತು. ಅವನ ಹೆಸರಿಗೆ ಅಂಟಿದ್ದನ್ನು ತೊಳೆದೇ ತೀರುತ್ತೇನೆ ಎಂದು ಹಟ ಹಿಡಿದಿದ್ದಳು. ಅವನು, ನನ್ನದೇನೂ ಇಲ್ಲ, ನಿನ್ನ ಹೆಸರು ನೋಡಿಕೋ ಅಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಲಿ ಎಂದು ಹೋಗಿ ಕೂತ. ಒಂಬತ್ತು ತಿಂಗಳು ಕಾದವನಿಗೆ ಮೂರು ದಿನ ಯಾವ ಲೆಕ್ಕ ಎಂದು ಅವಳು ಅಂದುಕೊಂಡಳು.

ಭಾನುವಾರ ಹಾಲ್‌ನಲ್ಲಿ ಇಸ್ತ್ರಿ ಮಾಡಿದ ಬಟ್ಟೆಗಳ ವಾಸನೆ ತುಂಬಿತ್ತು. ವೇದಿಕೆಯ ಮೇಲೆ ಫ್ರೇಮು ಹಾಕಿಸಿದ ಪ್ರಶಸ್ತಿಪತ್ರಗಳನ್ನು ಪೇರಿಸಿದ್ದರು. ಹೆಡ್‌ಮಿಸ್ಸು ಮೈಕಿನ ಮುಂದೆ ನಿಂತು, ದಿನನಿತ್ಯದ ಓದು ಕ್ರೈಸ್ತ ಜೀವನಕ್ಕೆ ಉಸಿರಿದ್ದ ಹಾಗೆ, ಉಸಿರಾಡಲು ಪುರುಸೊತ್ತಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ ಎಂದು ಕೇಳುತ್ತಿದ್ದರು. ಮಾತು ಚೆನ್ನಾಗಿತ್ತು, ಅದೇ ಗೋಂದಮ್ಮನ ಸಿಟ್ಟು. ಒಬ್ಬೊಬ್ಬರ ಹೆಸರೂ ಕರೆದರು. ವಕೀಲರ ಹೆಂಡತಿ ಪತ್ರ ತೆಗೆದುಕೊಂಡು ಫೋಟೋಕ್ಕೆ ಕಣ್ಣು ಮುಚ್ಚಿ ಭಕ್ತಿಯಿಂದ ನಿಂತರು. ಔಷಧಿ ಅಂಗಡಿಯವನು ಎರಡು ಸಲ ಕೈ ಕುಲುಕಿದ. ಕೊನೆಯಲ್ಲಿ ಗೋಂದಮ್ಮನ ಹೆಸರು ಬಂತು. ಅವಳು ಕೈಚೀಲ ಎತ್ತಿಕೊಂಡು ಹೋದಳು, ಪತ್ರಕ್ಕೆ ಕೈ ಚಾಚದೆ ಚೀಲದಿಂದ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಅಂದುಕೊಂಡಂತೆ ದೊಪ್ಪನೆ ಬೀಳಲಿಲ್ಲ. ತೆಳು ಕಾಗದ, ಸದ್ದೇ ಆಗಲಿಲ್ಲ.

"ಇದು ಹದಿನಾರು ಪುಟ," ಅಂದಳು. ಮೈಕು ಅವಳ ಗಂಟಲನ್ನು ದೊಡ್ಡದು ಮಾಡಿತು. "ಹೊಲಿಯುವಾಗ ನನ್ನಿಂದ ಬಿಟ್ಟುಹೋಯ್ತು. ಯಾರ ಪುಸ್ತಕದಲ್ಲೂ ಇಲ್ಲ. ಮಾರ್ಚ್ ಹತ್ತರಿಂದ ಹದಿನೈದು. ನಾನೂ ಗುರುತು ಹಾಕಿದ್ದೀನಿ, ನೀವೂ ಹಾಕಿದ್ದೀರಿ. ಒಬ್ಬರು ಮಾತ್ರ ಹಾಕಿಲ್ಲ. ಯಾಕೆ ಅಂತ ಯಾರೂ ಕೇಳ್ಲಿಲ್ಲ, ನಕ್ಕಿದ್ದಷ್ಟೇ."

ಹಾಲ್ ತಣ್ಣಗಾಯಿತು. ಪಾಸ್ಟರು ತಮ್ಮ ಕೈಯಲ್ಲಿದ್ದ ಪತ್ರವನ್ನು ಓದತೊಡಗಿದರು, ಅಲ್ಲಿ ಓದಲು ಏನೋ ಇದ್ದಂತೆ. ಐದು ಎಣಿಸುವಷ್ಟು ಹೊತ್ತು ಗೋಂದಮ್ಮನಿಗೆ ಸ್ವರ್ಗವೇ ಸಿಕ್ಕಿತ್ತು.

ಆಮೇಲೆ ಹೆಡ್‌ಮಿಸ್ಸು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಅಯ್ಯೋ, ನಾನು ಓದೋದೆಲ್ಲ ಅತ್ತೆಯವರ ಹಳೇ ಪುಸ್ತಕದಲ್ಲಿ ಕಣಮ್ಮ," ಅಂದರು. "ನೀನು ಹೊಲಿದ ಅಕ್ಷರ ನನ್ನ ಕಣ್ಣಿಗೆ ಸಣ್ಣದು."

ಬೀಗ ಒಡೆದಂತಾಯಿತು. ವಕೀಲರ ಹೆಂಡತಿಗೆ ತವರಿನ ಪುಸ್ತಕ ಇತ್ತು. ಔಷಧಿ ಅಂಗಡಿಯವನು ಫೋನಿನಲ್ಲಿ ಓದುತ್ತಿದ್ದ. ಇನ್ನೊಬ್ಬರಿಗೆ ಇಂಗ್ಲಿಷಿನದೇ ರೂಢಿ. ಮೂವತ್ತೆಂಟು ಮನೆಗಳಲ್ಲಿ ಮೂವತ್ತೆಂಟು ಹಳೇ ಪುಸ್ತಕಗಳು ಅಟ್ಟದಿಂದ ಇಳಿದು ಬಂದವು. ಹಾಗಾದರೆ ಈ ನಲವತ್ತನ್ನು ಮಾಡಿಸಿದ್ದು ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಎರಡೇ ನಿಮಿಷದಲ್ಲಿ ಹಾಲ್ ಮೊದಲಿಗಿಂತ ಬೆಚ್ಚಗಾಗಿತ್ತು. ಹೆಡ್‌ಮಿಸ್ಸು ಗೋಂದಮ್ಮನ ಭುಜ ತಟ್ಟಿ, ತಪ್ಪು ಒಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು, ಎಲ್ಲರೂ ಚಪ್ಪಾಳೆ ತಟ್ಟಿ ಅಂದರು. ಎಲ್ಲರೂ ತಟ್ಟಿದರು. ಹಾಡಿನ ಪುಸ್ತಕಗಳನ್ನು ಈ ಸಲ ಬೇರೆ ಕಡೆ ಕೊಡೋಣ, ಅವಳ ಮೇಲೆ ಹೊರೆ ಜಾಸ್ತಿಯಾಗಿದೆ ಎಂದೂ ಅದೇ ಮೈಕಿನಲ್ಲಿ ತೀರ್ಮಾನವಾಯಿತು. ಮೈದುನನ ಸಾಲಿನ ಮಾತೇ ಬರಲಿಲ್ಲ. ಮುಂದಿನ ವರ್ಷ ದಿನಕ್ಕೆ ಆರು ಅಧ್ಯಾಯ, ವರ್ಷಕ್ಕೆ ಎರಡು ಸುತ್ತು ಎಂದು ಪ್ರಕಟಿಸಿ ಪ್ರಾರ್ಥನೆಗೆ ಎದ್ದರು.

ಪುಸ್ತಕ ತಂದುಕೊಟ್ಟರೆ ಬಿಚ್ಚಿ ಸೇರಿಸಿ ಹೊಲಿದುಕೊಡುತ್ತೇನೆ ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದಳು. ತರುತ್ತೇವೆ, ತರುತ್ತೇವೆ ಎಂದು ಎಲ್ಲರೂ ಹೋದರು. ಸೋಮವಾರ ಒಬ್ಬರೂ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಕಟ್ಟು ಮೇಜಿನ ಮೇಲೆ, ದಾರ ಬಿಗಿದಂತೆಯೇ ಇತ್ತು.

ಮಂಗಳವಾರ ಅವನಿಗೆ ರಜೆ. ತಿಂಡಿಯಾದ ಮೇಲೆ ತನ್ನ ಪುಸ್ತಕ ತಂದು ಅವಳ ಮುಂದಿಟ್ಟ. ಅವಳು ರಟ್ಟು ಕಿತ್ತು, ಬೆನ್ನಿಗೆ ಒದ್ದೆ ಬಟ್ಟೆ ಹಾಕಿ ಹಳೇ ಅಂಟು ನೆನೆಸಲು ಬಿಟ್ಟು, ಹೊಸ ಅಂಟನ್ನು ಒಲೆಗಿಟ್ಟಳು. ಇನ್ನೂರ ಎಂಬತ್ತೆಂಟನೆಯ ಪುಟ ಬೇರೆಲ್ಲಕ್ಕಿಂತ ಕಪ್ಪಾಗಿತ್ತು. ಕೊನೆಯ ಸಾಲಿನ ಕೆಳಗೆ ಬೆರಳಿನ ಮಣ್ಣು ಗೆರೆಯಾಗಿ ನಿಂತಿತ್ತು. ಅವಳು ಅದನ್ನು ಒರೆಸಲು ಹೋಗಿ, ಬಿಟ್ಟಳು.

"ಅಂಟು ನೆನೀಬೇಕು, ಹೊಲೀಬೇಕು, ಒತ್ತಿಡ್ಬೇಕು. ನಾಳೆ ಸಂಜೆ ಆಗುತ್ತೆ," ಅಂದಳು.

ಅವನು ತಲೆಯಾಡಿಸಿದ. ಹೋಗಲಿಲ್ಲ. ಅವಳು ಕಟ್ಟಿನ ದಾರ ಕತ್ತರಿಸಿ ಮೇಲಿನ ಪ್ರತಿಯನ್ನು ಅವನ ಕಡೆ ಸರಿಸಿದಳು. ಮಡಿಸಿದ್ದು ಮಡಿಸಿದಂತೆಯೇ ಇತ್ತು, ಅಂಚು ಕತ್ತರಿಸಿರಲಿಲ್ಲ. ಮೊದಲ ಪುಟ ಓದಬಹುದು, ಅದರ ಮುಂದಿನವು ಚೀಲದ ಹಾಗೆ ಮುಚ್ಚಿಕೊಂಡಿದ್ದವು. ಅವನು ಸ್ಟೂಲು ಎಳೆದುಕೊಂಡು ಬೆರಳಿಟ್ಟು ಓದತೊಡಗಿದ. ಪುಟದ ಕೊನೆಗೆ ಬಂದು, ಮಡಿಕೆಯ ಬಾಯಿ ಸ್ವಲ್ಪ ಅಗಲಿಸಿ, ಬಾಗಿ ಒಳಗೆ ಇಣುಕಿದ.

"ಸರೀರಿ, ಹರಿದುಬಿಡ್ತೀರಾ," ಎಂದು ಅವಳು ಚಾಕು ತೆಗೆದುಕೊಂಡು ಆ ಒಂದು ಮಡಿಕೆಯನ್ನು ಸೀಳಿಕೊಟ್ಟಳು. ಎಲ್ಲವನ್ನೂ ಒಟ್ಟಿಗೆ ಸೀಳಿಬಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಅವಳು ಚಾಕು ಕೆಳಗಿಡಲಿಲ್ಲ. ಅವನ ಭುಜದ ಹಿಂದೆ ನಿಂತು ತಾನೂ ಸಾಲಿನ ಮೇಲೆ ಕಣ್ಣಿಟ್ಟಳು. ಒಲೆಯ ಮೇಲೆ ಅಂಟು ಗಂಟಾಗಿ ತಳ ಹಿಡಿಯುವ ವಾಸನೆ ಬರುತ್ತಿತ್ತು. ಅವನ ಬೆರಳು ಎರಡನೆಯ ಸಾಲಿನಿಂದ ಮೂರನೆಯದಕ್ಕೆ ಇಳಿಯಿತು.